ಮನೆಗೊಂದು ನಿಂಬೆಹಣ್ಣು

"ನಿಮ್ಮನೆ ನಿಂಬೆಹಣ್ಣು ಚಂದ್ರಹಾಸ ಆಗ್ಲೇ ತಗೊಂಡು ಹೋದ್ರಲ್ಲಮ್ಮ," ಎಂದರು ಅಂಬುಜಾ ಆಂಟಿ, ಬುಟ್ಟಿಯನ್ನು ಮಡಿಲಿನ ಕಡೆಗೆ ತುಸು ಎಳೆದುಕೊಂಡು.

ಆಕ್ಲೆಂಡಿನ ಹೆಂಡರ್ಸನ್ ಬಡಾವಣೆಯ ಆ ಬಾಡಿಗೆ ಸಭಾಂಗಣದ ಬಾಗಿಲಲ್ಲಿ ಅರುಂಧತಿ ಚಾಚಿದ ಕೈ ಚಾಚಿದಂತೆಯೇ ಉಳಿಯಿತು. ಹಿಂದೆ ಸಾಲಿನಲ್ಲಿ ನಿಂತವರು ಒದ್ದೆ ಕೊಡೆಗಳನ್ನು ಮಡಚುತ್ತಾ, ಏನೂ ಕೇಳಿಸದವರ ಹಾಗೆ ಚಾವಣಿ ನೋಡತೊಡಗಿದರು.

"ಆಂಟಿ, ಅವ್ರ ಮನಿ ಬ್ಯಾರೆ, ನನ್ನ ಮನಿ ಬ್ಯಾರೆ. ಮೂರು ವರ್ಷಾತು. ನಿಮಗ ಗೊತ್ತಿಲ್ಲೇನ್ರಿ?"

"ಗೊತ್ತಮ್ಮ. ಆದ್ರೆ ಸಂಘದ ಪಟ್ಟೀಲಿ ಇಬ್ರ ಹೆಸರೂ ಇನ್ನೂ ಒಂದೇ ಮನೆ ಅಂತಿದೆ. ಮನೆಗೊಂದೇ ಅಲ್ವಾ? ಬೇಕಾದ್ರೆ ಶ್ರೀರಂಗ ಅವ್ರನ್ನ ಕೇಳು. ನಾನು ಬರೀ ಹಂಚೋಳು."

ಕೇಳುವ ಮನಸ್ಸು ಅರುಂಧತಿಗೆ ಇರಲಿಲ್ಲ. ಸಂಘದ ಅಧ್ಯಕ್ಷ ಶ್ರೀರಂಗರಿಗೆ ಅವಳು ಈ ವಿಷಯವಾಗಿ ಎರಡು ಸಲ ಫೋನು ಮಾಡಿದ್ದಳು. ಎರಡು ಸಲವೂ ಅವರು "ಮುಂದಿನ ಮೀಟಿಂಗಲ್ಲಿ ಇಡೋಣಮ್ಮ" ಅಂದಿದ್ದರು. ಆ ಮುಂದಿನ ಮೀಟಿಂಗು ಇನ್ನೂ ಮುಂದೆಯೇ ಇತ್ತು.

ನ್ಯೂಜಿಲೆಂಡಿನ ಕನ್ನಡಿಗರು ಹಾಡನ್ನು ಆರಿಸುವ ಕ್ರಮವೇ ಇದು. ವಿಶ್ವ ಕನ್ನಡ ಗೀತಸ್ಪರ್ಧೆಗೆ ದೇಶಕ್ಕೊಂದು ಹಾಡು ಹೋಗಬೇಕು, ಅದು ಆ ದೇಶದಲ್ಲೇ ಹುಟ್ಟಿದ ಹೊಸ ಹಾಡಾಗಿರಬೇಕು. ಉಳಿದ ದೇಶಗಳವರು ಫೋನಿನಲ್ಲಿ ಮತ ಹಾಕುತ್ತಾರಂತೆ. ಇಲ್ಲಿ ಮಾತ್ರ ಮೊದಮೊದಲು ಮನೆಗೊಂದು ಅಡಿಕೆ ಅಂತ ಇತ್ತು. ಊರಿಂದ ತಂದ ಅಡಿಕೆಯನ್ನೆಲ್ಲ ವಿಮಾನ ನಿಲ್ದಾಣದ ತಪಾಸಣೆಯವರು ಕಸದ ಡಬ್ಬಿಗೆ ಹಾಕಿದ ಮೇಲೆ ಅಂಬುಜಾ ಆಂಟಿಯ ಹಿತ್ತಲ ನಿಂಬೆಗಿಡ ಕೈಹಿಡಿಯಿತು. ವೇದಿಕೆಯ ಮುಂದೆ ಹಾಡಿಗೊಂದರಂತೆ ಸ್ಟೀಲಿನ ಪಾತ್ರೆ. ಹಾಡುಗಳೆಲ್ಲ ಮುಗಿದ ಮೇಲೆ ಮನೆಯ ಯಜಮಾನ ಎದ್ದು ಹೋಗಿ, ಮೆಚ್ಚಿದ ಹಾಡಿನ ಪಾತ್ರೆಗೆ ಹಣ್ಣು ಹಾಕಿ ಬರುತ್ತಾನೆ. ಹೆಂಡತಿ ಪಕ್ಕದಿಂದ ಮೊಣಕೈಯಲ್ಲಿ ತಿವಿದು ಹೇಳಬಹುದು, ಅಷ್ಟೇ. ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ಒಳಗಿನವರು ಇದನ್ನು ಸಂಪ್ರದಾಯ ಎನ್ನುತ್ತಾರೆ.

ಅರುಂಧತಿ ಹಿಂದಿನ ಸಾಲಿನಲ್ಲಿ ಬರಿಗೈಯಲ್ಲಿ ಕುಳಿತಳು. ಮಳೆನೀರು ಹರಿದುಹೋಗುವ ಕಾಲುವೆ ಕೊಳವೆಗಳನ್ನು ಲೆಕ್ಕ ಹಾಕಿ ಕಟ್ಟಿಸುವ ಎಂಜಿನಿಯರು ಅವಳು. ಅವಳು ಸಹಿ ಹಾಕಿದರೆ ಬೀದಿಗೆ ಬೀದಿ ಅಗೆಯುತ್ತಾರೆ. ಇಲ್ಲಿ ಮಾತ್ರ ಅವಳದೊಂದು ಮನೆಯೇ ಇರಲಿಲ್ಲ. ಮೂರು ವರ್ಷದಿಂದ ಈ ಕಡೆ ತಲೆ ಹಾಕಿರದವಳು ಇವತ್ತು ಬಂದದ್ದು ಮಗಳಿಗಾಗಿ. ಹದಿನೇಳರ ಲಾಸ್ಯಾ ಒಂದು ವಾರ ಅಪ್ಪನ ಮನೆಯಲ್ಲಿ, ಒಂದು ವಾರ ಆಲ್ಬನಿಯಲ್ಲಿ ಇವಳ ಮನೆಯಲ್ಲಿ ಇರುತ್ತಿದ್ದಳು. "ಐ ಆ್ಯಮ್ ಸಿಂಗಿಂಗ್, ಮಮ್. ಯು ಹ್ಯಾವ್ ಟು ಕಮ್. ಇಟ್ಸ್ ಅ ಸರ್‌ಪ್ರೈಸ್," ಅಂದಿದ್ದಳು. ಕನ್ನಡ ಮಾತಾಡು ಅಂದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ಕನ್ನಡದಲ್ಲಿ ಹಾಡುತ್ತಾಳೆಂದರೆ ಯಾವ ತಾಯಿ ಬರುವುದಿಲ್ಲ?

ಶ್ರೀರಂಗ ಮೈಕು ತಟ್ಟಿ ನಿಯಮ ಹೇಳಿದರು. "ಹಾಡು ಸ್ವಂತದ್ದಾಗಿರಬೇಕು. ಬರೆದವರ ಬಗ್ಗೆ, ರಾಗದ ಬಗ್ಗೆ ತಕರಾರು ಬಂದ್ರೆ ಆ ಹಾಡು ಔಟ್. ಸ್ಪರ್ಧೆ ನಡೆಸೋ ಸಿಂಗಪುರದವರು ಸ್ಟ್ರಿಕ್ಟಾಗಿ ಹೇಳಿದ್ದಾರೆ. ದೇಶದ ಮರ್ಯಾದೆ ಪ್ರಶ್ನೆ."

ಮೊದಲ ಹಾಡು ಕುರಿಗಳ ಮೇಲಿತ್ತು. ಕುರಿ, ಹಸಿರು, ಉಸಿರು, ಮೊಸರು ಎಂದು ಪ್ರಾಸ ಸಿಕ್ಕಲ್ಲೆಲ್ಲ ನಿಂತು ಮೇಯುತ್ತಾ ಹೋಯಿತು. ಎರಡನೆಯದರಲ್ಲಿ ಹಾಡಿಗಿಂತ ಡ್ರಮ್ಮೇ ಹೆಚ್ಚು. ಆಮೇಲೆ ಲಾಸ್ಯಾ ಹಸಿರು ಲಂಗದಾವಣಿಯಲ್ಲಿ ಬಂದು ನಿಂತಳು. ತಾಯಿಯನ್ನು ಹುಡುಕಿ ಕೈಬೀಸಿದಳು. ಹಿಂದೆ ಕೀಬೋರ್ಡಿನಲ್ಲಿ ಅವಳಪ್ಪ.

"ಸಾಹಿತ್ಯ, ಸಂಗೀತ ಎರಡೂ ನಮ್ಮ ಚಂದ್ರಹಾಸ ಅವರದು!" ಎಂದರು ಶ್ರೀರಂಗ.

ಕೀಬೋರ್ಡಿನ ಮೊದಲ ನಾಲ್ಕು ಸ್ವರ ಬೀಳುತ್ತಿದ್ದಂತೆ ಅರುಂಧತಿಯ ಬೆನ್ನು ನೆಟ್ಟಗಾಯಿತು. ಮಗಳು ಹಾಡಿದಳು.

"ಕಡಲ ದಾಟಿ ನಾವು ಬಂದೆವು, ನುಡಿಯ ದೀಪ ಹೊತ್ತು ತಂದೆವು,
ಒಣಗದಿರಲಿ ಒಲವ ಬಳ್ಳಿ, ಏಳಿರೆಲ್ಲ ಕನ್ನಡಿಗರೇ..."

ಅರುಂಧತಿಗೆ ಮೈಯೆಲ್ಲ ಉರಿದುಹೋಯಿತು. ರಾಗ ಅವಳದು. ಎಲ್ಲಿ ಏರಬೇಕು, ಎಲ್ಲಿ ತಡೆದು ನಿಲ್ಲಬೇಕು, ಕೊನೆಯ ಸಾಲಿನಲ್ಲಿ ಎಲ್ಲಿ ಧೊಪ್ಪನೆ ಕೆಳಗಿಳಿಯಬೇಕು, ಎಲ್ಲವೂ ಅವಳದು. ತಕಾನಿನಿಯ ಬಾಡಿಗೆ ಮನೆಯ ಹಿತ್ತಲಿನಲ್ಲಿ, ಅಳುವ ಲಾಸ್ಯಾಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಬಟ್ಟೆ ಒಣಹಾಕುವ ತಂತಿಗಳ ಆ ತಿರುಗುವ ಕಂಬದ ಕೆಳಗೆ ಅವಳು ಕಟ್ಟಿದ ಹಾಡು. ಆಕ್ಲೆಂಡಿನ ಮಳೆಗೆ ಹೊತ್ತುಗೊತ್ತಿಲ್ಲ. ಬಟ್ಟೆ ಹರವಿದರೆ ಸುರಿಯುತ್ತದೆ, ತೆಗೆದು ಒಳಗೆ ತಂದರೆ ಬಿಸಿಲು ಬಿದ್ದು ಅಣಕಿಸುತ್ತದೆ. ಡ್ರೈಯರ್ ಹಾಕಿದರೆ ಕರೆಂಟು ಬಿಲ್ಲು ಎಂದು ಚಂದ್ರಹಾಸ ಗೊಣಗುತ್ತಿದ್ದ. ಗೊಣಗಿ ಮತ್ತೆ ಮಗ್ಗುಲು ಬದಲಿಸುತ್ತಿದ್ದ. ಅವಳು ಹಾಡುತ್ತಿದ್ದದ್ದು ಇಷ್ಟು:

"ಹೊರಗ ಹಾಕಿದ್ರ ಮಳಿ ಬಂತು, ಒಳಗ ತಂದ್ರ ಬಿಸಲು ಬಂತು,
ಒಣಗವಲ್ದು ನಿನ್ನ ಅರಿವಿ, ಏಳವಲ್ಲ ನಿಮ್ಮಪ್ಪ."

ಕೂಸು ಈ ಹಾಡಿಗೇ ನಿದ್ದೆ ಹೋಗುತ್ತಿತ್ತು. ಕಿಟಕಿಯೊಳಗಿಂದ ಅವನು ಗೋಡೆ ಗುದ್ದಿ, "ಸಾಕು ನಿಲ್ಸೇ ನಿನ್ನ ಕರ್ಕಶ" ಎಂದು ಕೂಗುತ್ತಿದ್ದ. ಹಾಸಿಗೆಯಿಂದ ಏಳದ ಆ ಮಹಾಶಯ ಈಗ ಜಗತ್ತಿನ ಕನ್ನಡಿಗರನ್ನೆಲ್ಲ ಏಳಿ ಅನ್ನುತ್ತಿದ್ದಾನೆ! ಅದೂ ಇವಳ ರಾಗದಲ್ಲಿ, ಇವಳ ಮಗಳ ಗಂಟಲಿನಿಂದ.

ಹಾಡು ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಉಳಿದ ಹಾಡುಗಳೂ ಮುಗಿದವು. ಯಜಮಾನರು ಒಬ್ಬೊಬ್ಬರಾಗಿ ಎದ್ದು ಹೋದರು. ಲಾಸ್ಯಾಳ ಪಾತ್ರೆ ತುಂಬಿ, ಎರಡು ಹಣ್ಣು ನೆಲಕ್ಕೆ ಉರುಳಿದವು. ಎಣಿಸುವ ಅಗತ್ಯವೇ ಬೀಳಲಿಲ್ಲ. ಊಟಕ್ಕೆ ಮೊದಲು ಗೆದ್ದ ಹಾಡನ್ನು ಇನ್ನೊಮ್ಮೆ ಹಾಡಿಸಿ, ಸಿಂಗಪುರಕ್ಕೆ ಕಳಿಸಲು ವಿಡಿಯೋ ಮಾಡುತ್ತೇವೆ ಎಂದು ಶ್ರೀರಂಗ ಸಾರಿದರು.

ಅರುಂಧತಿ ಚಂದ್ರಹಾಸನನ್ನು ಹಿಡಿದದ್ದು ಅಡುಗೆಮನೆಯ ಬಾಗಿಲಲ್ಲಿ. ಒಳಗೆ ಬಿಸಿಬೇಳೆಬಾತಿನ ಪಾತ್ರೆ ಹಬೆಯಾಡುತ್ತಿತ್ತು.

"ಅದು ನನ್ನ ಹಾಡು."

"ಹಾಡಾ ಅದು?" ಅವನು ನಕ್ಕ. ಮೈಸೂರಿನವನ ನಗು, ಎಷ್ಟು ಚುಚ್ಚಿದರೂ ಮೆತ್ತಗೆ. "ಬಟ್ಟೆ ಒಣಗಿಸೋವಾಗ ನೀನು ಗೊಣಗ್ತಿದ್ದಿದ್ದು ಕಣೆ. ಅದಕ್ಕೊಂದು ರೂಪ ಕೊಟ್ಟೋನು ನಾನು. ಚಡ್ಡಿ ಒಣಗಲಿಲ್ಲ ಅಂತ ಸಿಂಗಪುರಕ್ಕೆ ಹಾಡು ಕಳಿಸ್ತಾರಾ?"

"ಹಂಗಾರ ನಿನ್ನ ರಾಗ ನೀ ಮಾಡ್ಕೋಬೇಕಿತ್ತು."

"ಮೆತ್ತಗೆ ಮಾತಾಡು. ನಾವಿಬ್ರೂ ಸೇರಿ ಮಾಡಿದ್ದು ಅಂತ ಲಾಸ್ಯಾಗೆ ಹೇಳಿದೀನಿ. ಅವಳು ಎಷ್ಟು ಖುಷಿಯಾಗಿದಾಳೆ ನೋಡು. ಈಗ ರಗಳೆ ತೆಗೆದ್ರೆ ಅವಳೇ ಔಟ್ ಆಗೋದು, ನಾನಲ್ಲ. ಮಗಳಿಗೋಸ್ಕರ ಸುಮ್ನಿರು."

ಮಗಳಿಗೋಸ್ಕರ! ಹದಿನಾಲ್ಕು ವರ್ಷ ಅವಳು ಈ ಒಂದು ಮಾತಿಗೇ ಸುಮ್ಮನಿದ್ದಳು. ಅವನಿಗೆ ಬೇರೆ ಮಾತು ಕಲಿಯುವ ಅಗತ್ಯವೇ ಬಿದ್ದಿರಲಿಲ್ಲ.

ಅವಳು ಶ್ರೀರಂಗರ ಬಳಿ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದಳು. ರಾಗ ಕಟ್ಟಿದಾಕೆ ತಾನು ಎಂದು ಹೆಸರು ಹೇಳಿದರೆ ಸಾಕು, ಹಾಡು ಮಗಳೇ ಹಾಡಲಿ ಎಂದೂ ಹೇಳಿದಳು. ಅವರು ಶಾಲು ಸರಿಮಾಡಿಕೊಂಡು ಸುತ್ತ ನೋಡಿದರು.

"ಈಗ ಬದಲಾಯಿಸಿದ್ರೆ ಅದೇ ತಕರಾರು ಆಗುತ್ತಮ್ಮ. ಇದು ಮನೆ ವಿಷಯ, ಸಂಘ ತಲೆ ಹಾಕೋಕಾಗಲ್ಲ. ಹೆಂಗೂ ಒಂದೇ ಮನೆ ಹಾಡು ತಾನೇ? ಅಪ್ಪ ಬರೆದ್ರೇನು, ಅಮ್ಮ ಬರೆದ್ರೇನು?"

"ಯಾವ ಮನಿ ರೀ?" ಅವಳ ದನಿ ಏರಿತು. "ನಿಂಬೆಹಣ್ಣು ಕೊಡುವಾಗ ನನಗ ಮನಿ ಇಲ್ಲ. ಹಾಡು ಕಸಿಯುವಾಗ ಮಾತ್ರ ಒಂದ ಮನಿ ಆಗಿಬಿಡ್ತೀವೇನು?"

ಶ್ರೀರಂಗರ ಕೈ ಮೈಕಿನತ್ತ ಹೋಯಿತು. ಅವರು ಅದನ್ನು ಎತ್ತಿಕೊಂಡು ಲಾಸ್ಯಾಳ ಹೆಸರು ಕರೆದರು.

ಲಾಸ್ಯಾ ವೇದಿಕೆ ಹತ್ತಿದಳು. ಯಾರೋ ಅವಳ ಮುಂದೆ ಫೋನನ್ನು ಕೋಲಿಗೆ ಸಿಕ್ಕಿಸಿ ನಿಲ್ಲಿಸಿದರು. ಅರುಂಧತಿಗೆ ಮಗಳ ಮುಖ ಚೆನ್ನಾಗಿ ಕಾಣುತ್ತಿತ್ತು. ಈ ಮುಖಕ್ಕಾಗಿ ನುಂಗಿಕೊಳ್ಳಬಹುದಿತ್ತು. ಹೊರಗೆ ಹೋಗಿ ಕಾರಿನಲ್ಲಿ ಕುಳಿತು ಅತ್ತು, ಮುಖ ಒರೆಸಿಕೊಂಡು, ಬಂದು ಅಪ್ಪಿಕೊಳ್ಳಬಹುದಿತ್ತು. ಅದು ಅವಳಿಗೆ ರೂಢಿಯಾದ ಕೆಲಸ. ಅಷ್ಟರಲ್ಲಿ ಚಂದ್ರಹಾಸ ಕೀಬೋರ್ಡಿನ ಮುಂದೆ ಕುಳಿತು, ಅವಳತ್ತ ನೋಡಿ, ಅಡ್ಡಿಯಿಲ್ಲ ಎಂಬಂತೆ ತಲೆಯಾಡಿಸಿದ. ಅವಳು ಸುಮ್ಮನಿರುತ್ತಾಳೆಂದು ಅವನಿಗೆ ಅಷ್ಟು ಖಾತ್ರಿಯಿತ್ತು.

ಅವಳು ಸಾಲುಗಳ ನಡುವೆ ನಡೆದು ಹೋಗಿ ವೇದಿಕೆ ಹತ್ತಿದಳು. ಮಗಳ ಕೈಯಿಂದ ಮೈಕು ತೆಗೆದುಕೊಂಡಳು. ಲಾಸ್ಯಾ ತಾಯಿಯೂ ಜೊತೆಗೆ ಹಾಡುತ್ತಾಳೆಂದು ತಿಳಿದು ನಗುತ್ತಲೇ ಕೊಟ್ಟಳು.

"ಈ ಹಾಡು ಕಟ್ಟಿದಾಕಿ ನಾನು. ಇದರ ಖರೇ ಮಾತು ಬ್ಯಾರೆ ಅದಾವ. ಕೇಳ್ರಿ," ಎಂದಳು. ಕೀಬೋರ್ಡು ನಿಂತಿತು. ಅವಳು ಬರೀ ಗಂಟಲಿನಲ್ಲಿ ಹಾಡಿದಳು. ಸಿಟ್ಟಿಗೆ ದನಿ ಒಡೆಯುತ್ತಿತ್ತು, ಆದರೂ ನಿಲ್ಲಿಸಲಿಲ್ಲ.

"ಗಾಳಿಗೊಂದು ಬುದ್ಧಿ ಇಲ್ಲ, ಮಳಿಗೊಂದು ಹೊತ್ತು ಇಲ್ಲ,
ತಿರುಗತೈತಿ ತಂತಿ ಕಂಬ, ಏಳವಲ್ಲ ನಿಮ್ಮಪ್ಪ."

ಮೊದಲು ಯಾರೋ ಒಬ್ಬಳು ಕಿಸಕ್ಕೆಂದಳು. ಆಮೇಲೆ ಹೆಂಗಸರ ಸಾಲಿಗೆ ಸಾಲೇ ನಕ್ಕಿತು. ಹೊಟ್ಟೆ ಹಿಡಿದುಕೊಂಡು, ಸೆರಗಿನಿಂದ ಕಣ್ಣು ಒರೆಸಿಕೊಂಡು ನಕ್ಕರು. ಅಂಬುಜಾ ಆಂಟಿ ಬುಟ್ಟಿಯ ಹಿಂದೆ ಮುಖ ಮುಚ್ಚಿಕೊಂಡಿದ್ದರು. ಗಂಡಸರು ತಮ್ಮ ತಮ್ಮ ಹೆಂಡತಿಯರ ಕಡೆ ತಿರುಗಿದ ಮೇಲೆ ನಗು ಒಂದೊಂದಾಗಿ ಆರಿತು. ಕೀಬೋರ್ಡಿನ ಹಿಂದೆ ಚಂದ್ರಹಾಸನ ಮುಖ ಸುಟ್ಟ ಬದನೆಕಾಯಿಯಂತಾಗಿತ್ತು. ಅದನ್ನು ನೋಡಿ ಅರುಂಧತಿಗೆ ಸಂತೋಷವಾಯಿತು. ಆಮೇಲೆ ಅವಳು ಮಗಳ ಕಡೆ ನೋಡಿದಳು.

ಲಾಸ್ಯಾ ನಗುತ್ತಿರಲಿಲ್ಲ. ಲಂಗವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ವೇದಿಕೆಯಿಂದ ಇಳಿದು, ಹಿಂದಿನ ಬಾಗಿಲಿನಿಂದ ಹೊರಗೆ ಹೋದಳು.

ಶ್ರೀರಂಗರು ಕೆಮ್ಮಿ, ತಕರಾರು ಬಂದ ಕಾರಣ ಈ ಹಾಡನ್ನು ಕೈಬಿಡಲಾಗಿದೆ ಎಂದು ಘೋಷಿಸಿದರು. ನ್ಯೂಜಿಲೆಂಡಿನ ಪರವಾಗಿ ಕುರಿಗಳ ಹಾಡು ಸಿಂಗಪುರಕ್ಕೆ ಹೋಗುವುದೆಂದು ತೀರ್ಮಾನವಾಯಿತು. ಬಿಸಿಬೇಳೆಬಾತು ಆರುತ್ತಿತ್ತು, ಜನ ಊಟಕ್ಕೆ ಎದ್ದರು.

ಆ ವಾರ ಲಾಸ್ಯಾ ಅಮ್ಮನ ಮನೆಗೆ ಬರುವ ಸರದಿ. ಅರುಂಧತಿ ಕಾರಿನ ಬೀಗ ತೆಗೆದಾಗ ಅವಳು ಎಲ್ಲಿಂದಲೋ ಬಂದು, ಮುಂದಿನ ಸೀಟು ಬಿಟ್ಟು ಹಿಂದೆ ಕುಳಿತು ಬಾಗಿಲು ಧಡಾರನೆ ಎಳೆದುಕೊಂಡಳು.

"ಯು ಕುಡ್ ಹ್ಯಾವ್ ಟೋಲ್ಡ್ ಮೀ," ಎಂದಳು. ಅತ್ತು ಮೂಗು ಕಟ್ಟಿತ್ತು. "ಫಸ್ಟ್. ಮೀ. ನಾಟ್ ದೆಮ್."

ಅರುಂಧತಿ ಬಾಯಿ ತೆರೆದಳು. ಅಪ್ಪ, ಶ್ರೀರಂಗ, ಹದಿನಾಲ್ಕು ವರ್ಷ, ಎಲ್ಲವೂ ನಾಲಿಗೆಯ ತುದಿಗೆ ಬಂದವು. "ಹೌದು," ಎಂದಳು. "ಮೊದಲ ನಿನಗ ಹೇಳಬೇಕಿತ್ತು."

ಕಿಟಕಿಯ ಮೇಲೆ ಯಾರೋ ತಟ್ಟಿದರು. ಅಂಬುಜಾ ಆಂಟಿ, ಕೊಡೆಯಿಲ್ಲದೆ, ಕೈಯಲ್ಲೊಂದು ಊಟದ ಡಬ್ಬಿ. ಅರುಂಧತಿ ಗಾಜು ಇಳಿಸಿದಳು.

"ಮಗು ಏನೂ ತಿಂದಿಲ್ಲ. ಮನೇಲಿ ಬಿಸಿ ಮಾಡ್ಕೊಡು." ಆಮೇಲೆ ಆಂಟಿ ಜರ್ಕಿನ್ ಜೇಬಿನಿಂದ ಒಂದು ನಿಂಬೆಹಣ್ಣು ತೆಗೆದರು. "ಇದು ನಿಮ್ಮನೇದು."

"ಎಲ್ಲಾ ಮುಗದ ಮ್ಯಾಲೆ ಯಾಕ ಆಂಟಿ?"

"ಗಿಡ ನಂದು ಕಣಮ್ಮ. ಇಷ್ಟು ವರ್ಷಕ್ಕೆ ಒಂದು ಸಲನಾದ್ರೂ ನನ್ನ ಕೈಯಾರೆ ಒಂದು ಹಣ್ಣು ಹಾಕಿದೀನಾ? ನಮ್ಮನೇದು ಅವ್ರೇ ಹಾಕೋದು. ತಗೋ ಸುಮ್ನೆ." ಅರುಂಧತಿ ಕೈ ಚಾಚುವ ಮೊದಲೇ ಆಂಟಿ ಹಿಂದಿನ ಕಿಟಕಿಯತ್ತ ಸರಿದರು. ಲಾಸ್ಯಾ ಗಾಜು ಇಳಿಸಲಿಲ್ಲ. ಆಂಟಿ ಬಾಗಿಲನ್ನೇ ತೆರೆದು, ಡಬ್ಬಿಯನ್ನೂ ಹಣ್ಣನ್ನೂ ಸೀಟಿನ ಮೇಲಿಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡು ಸಭಾಂಗಣದ ಕಡೆಗೆ ಓಡಿದರು.

ಕಾರು ಹೊರಟಿತು. ಮಳೆ ಜೋರಾಯಿತು. ಆಲ್ಬನಿಯಲ್ಲಿ ಬೆಳಿಗ್ಗೆ ಹರವಿದ ಬಟ್ಟೆ ನೆನೆಯುತ್ತಿರಬೇಕು. ಮೊದಲ ತಿರುವಿನಲ್ಲಿ ಹಿಂದಿನ ಸೀಟಿನ ಮೇಲೆ ನಿಂಬೆಹಣ್ಣು ಉರುಳಿ ಡಬ್ಬಿಗೆ ಬಡಿದ ಸದ್ದು ಕೇಳಿಸಿತು. ಮುಂದಿನ ತಿರುವಿನಲ್ಲಿ ಅದು ಆ ಬದಿಗೆ ಉರುಳಿ ಬಾಗಿಲಿಗೆ ಬಡಿಯಿತು. ಯಾರೂ ಅದನ್ನು ಹಿಡಿಯಲಿಲ್ಲ. ಮೋಟರ್‌ವೇಗೆ ಮೊದಲು ದೊಡ್ಡದೊಂದು ವೃತ್ತವಿತ್ತು. ಅರುಂಧತಿ ಸ್ಟೀರಿಂಗ್ ತಿರುಗಿಸುತ್ತಾ, ಹಣ್ಣು ಮತ್ತೆ ಬಡಿಯುವುದನ್ನು ಕಾದಳು.

ವೃತ್ತ ಮುಗಿಯಿತು. ಹಿಂದೆ ಏನೂ ಉರುಳಲಿಲ್ಲ.