ಎರಡನೇ ಡಬ್ಬಿ

ಹುಳುಮನೆಗೆ ಫಾರ್ಮಲಿನ್ ಹೊಡೆಯುವುದರಲ್ಲಿ ಮೇಲೂರಿನಲ್ಲಿ ಮುದ್ದಪ್ಪನನ್ನು ಮೀರಿಸಿದವರಿರಲಿಲ್ಲ. ರೇಷ್ಮೆಗೂಡು ಮಾರ್ಕೆಟ್ಟಿಗೆ ಹೋದ ಮರುದಿನವೇ ತಟ್ಟೆಗಳನ್ನು ತೊಳೆದು, ಮೂಗಿಗೆ ಟವೆಲ್ ಸುತ್ತಿಕೊಂಡು, ಮೂಲೆ ಮೂಲೆಗೂ ಹೊಡೆಯುತ್ತಿದ್ದ. ಹಾಲುತೊಂಡೆ ರೋಗ ಬಿದ್ದ ರೇಷ್ಮೆಹುಳು ಒಂದೇ ಒಂದು ಕಂಡರೂ ಅಕ್ಕಪಕ್ಕದವರನ್ನು ಕರೆದು, "ನಮ್ಮಲ್ಲಿ ರೋಗ ಬಿದ್ದೈತೆ, ನೀವೂ ಹುಷಾರು ಕಣ್ರಪ್ಪ" ಎಂದು ಹೇಳುತ್ತಿದ್ದ. ಅದರಲ್ಲಿ ಅವನಿಗೆ ನಾಚಿಕೆಯೇನೂ ಇರಲಿಲ್ಲ. ನಾಚಿಕೆಯಿದ್ದದ್ದು ಮನುಷ್ಯರ ರೋಗದ ವಿಷಯದಲ್ಲಿ.

ಸೊಸೆ ಶೈಲಜಾಳ ಕುತ್ತಿಗೆಯಲ್ಲಿ ಗಂಟೆದ್ದಿತ್ತು. ಮೂರು ವರ್ಷದ ಹಿಂದೆಯೂ ಹೀಗೇ ಆಗಿ, ಟಿಬಿ ಎಂದಿದ್ದರು. ಆಗ ಎರಡು ತಿಂಗಳು ಮಾತ್ರೆ ನುಂಗಿ ಬಿಟ್ಟಳು. ಬಿಟ್ಟಳು ಅನ್ನುವುದು ತಪ್ಪು, ಬಿಡಿಸಿದರು. ಮಾತ್ರೆ ಕೊಡಲು ವಾರವಾರ ಬರುತ್ತಿದ್ದ ಆಶಾ ಕಾರ್ಯಕರ್ತೆ ಮುನಿಲಕ್ಷ್ಮಿಯನ್ನು ಮುದ್ದಪ್ಪ ಗೇಟಿನಲ್ಲೇ ತಡೆದಿದ್ದ. "ಗಂಟು ಕರಗೋಯ್ತಲ್ಲಮ್ಮ, ಇನ್ಯಾಕೆ ಬರ್ತೀಯ? ಬೀದಿಯೋರು ನಾಲ್ಕು ಮಾತಾಡ್ತಾರೆ" ಎಂದು ವಾಪಸ್ಸು ಕಳಿಸಿದ್ದ.

ಈ ಸಲ ಚಿಕ್ಕಬಳ್ಳಾಪುರದ ಡಾಕ್ಟರು ಗಂಟಿನಿಂದ ಚೂರು ಮಾಂಸ ತೆಗೆದು ಎರಡು ಡಬ್ಬಿಗೆ ಹಾಕಿಸಿದರು. "ಒಂದು ಯಾವ ರೋಗ ಅಂತ ನೋಡೋದಕ್ಕೆ. ಇನ್ನೊಂದು, ಆ ಕ್ರಿಮಿ ಯಾವ ಮಾತ್ರೆಗೆ ಬಗ್ಗುತ್ತೆ ಅಂತ ತಿಳಿಯೋದಕ್ಕೆ. ಹೋದ ಸಲ ಅರ್ಧಕ್ಕೇ ಬಿಟ್ಟಿದ್ದೀರ, ಅದಕ್ಕೇ ಎರಡನೇದು ಬಹಳ ಮುಖ್ಯ. ಈಗಲೇ ಲ್ಯಾಬಿಗೆ ಕೊಟ್ಟುಬಿಡಿ" ಎಂದರು. ಮಗ ಕನಕರಾಜ್ ಹೆಂಡತಿಯ ಹತ್ತಿರ ಉಳಿದ. ಡಬ್ಬಿಗಳು ಮುದ್ದಪ್ಪನ ಕೈಗೆ ಬಂದವು. ಅದರೊಳಗೆ ಬೇರೇನೂ ಹಾಕಬೇಡಿ ಎಂದು ಯಾರೂ ಹೇಳಲಿಲ್ಲ. ಹಾಕುವವರೂ ಇರುತ್ತಾರೆ ಎಂದು ಯಾರಿಗೆ ತಾನೇ ಹೊಳೆಯುತ್ತದೆ?

ಲ್ಯಾಬಿನ ಮುಂದಿನ ಬೆಂಚಿನ ಮೇಲೆ ಮೇಲೂರು ಡೈರಿಯ ಕೋನಪ್ಪ ಕೂತಿದ್ದ. ಇವನ ಬಾಯಿಗೆ ಬಿದ್ದರೆ ಬೆಳಗಾಗುವುದರೊಳಗೆ ಊರಿಗೆಲ್ಲ ಹಂಚಿಬಿಡುತ್ತಾನೆ ಅನ್ನಿಸಿತು ಮುದ್ದಪ್ಪನಿಗೆ. ಡಬ್ಬಿಗಳನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡು ಹಾಗೇ ಹಿಂದಿರುಗಿ ಬಸ್ಸು ಹತ್ತಿದ. ನಾಳೆ ಕೊಟ್ಟರೆ ಏನು ಮುಳುಗಿಹೋಗುತ್ತೆ ಎಂದುಕೊಂಡ.

ಸಂಜೆ ಹುಳುಮನೆಯಲ್ಲಿ ಕೂತು ಎರಡೂ ಡಬ್ಬಿ ಬಿಚ್ಚಿ ನೋಡಿದ. ಮೊದಲನೆಯದರಲ್ಲಿ ಪರಿಚಯದ ಘಾಟು, ಫಾರ್ಮಲಿನ್. ಎರಡನೆಯದರಲ್ಲಿ ಬರೀ ನೀರು. ನರ್ಸಮ್ಮ ಮರೆತಿರಬೇಕು, ನೀರಲ್ಲಿಟ್ಟ ಮಾಂಸ ಬೆಳಗಾಗುವ ಹೊತ್ತಿಗೆ ಕೊಳೆತುಹೋಗುತ್ತದೆ ಅನ್ನಿಸಿತು. ಮೂಲೆಯಲ್ಲಿದ್ದ ಕ್ಯಾನಿನಿಂದ ಒಂದು ಮುಚ್ಚಳ ಸುರಿದ. ಒಳ್ಳೆಯದಕ್ಕೇ ಸುರಿದ. ಪಾಪ, ಅದರ ಬಗ್ಗೆ ಅವನಿಗೆ ಆಗ ಒಂದಿಷ್ಟೂ ಅನುಮಾನವಿರಲಿಲ್ಲ.

ಮರುದಿನ ಬೆಳಗ್ಗೆ ಎರಡನ್ನೂ ಲ್ಯಾಬಿಗೆ ಕೊಟ್ಟುಬಂದ. ಮೊದಲನೇ ಡಬ್ಬಿ ಟಿಬಿ ಎಂದಿತು. ಎರಡನೆಯದರಲ್ಲಿ ಏನೂ ಬೆಳೆಯಲಿಲ್ಲ ಎಂದು ಆರು ವಾರದ ಮೇಲೆ ರಿಪೋರ್ಟ್ ಬಂತು. ಬೇರೆ ದಾರಿಯಿಲ್ಲದೆ ಡಾಕ್ಟರು ಮಾಮೂಲಿ ಮಾತ್ರೆಗಳನ್ನೇ ಮುಂದುವರಿಸಿದರು. ಶೈಲಜಾ ದಿನಾ ಬೆಳಗ್ಗೆ ನಡುಮನೆಯಲ್ಲಿ ಕೂತು, ಮಾವನ ಎದುರಿಗೇ ಒಂದೊಂದಾಗಿ ನುಂಗುತ್ತಿದ್ದಳು. ಐದು ತಿಂಗಳಾದರೂ ಗಂಟು ಕರಗಲಿಲ್ಲ. ಜ್ವರ ನಿಲ್ಲಲಿಲ್ಲ. ಆಮೇಲೆ ತಲೆನೋವು ಶುರುವಾಗಿ, ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಯಿತು.

"ಈ ಸಲಾನೂ ಮಧ್ಯದಲ್ಲಿ ಬಿಟ್ಟಿದ್ದೀಯ, ನಿಜ ಹೇಳು" ಎಂದು ಕನಕರಾಜ್ ರೇಗಿದ.

"ದೇವರಾಣೆ ಒಂದು ದಿನಾನೂ ಬಿಟ್ಟಿಲ್ಲ ಕಣ್ರೀ."

ಅತ್ತೆ ಲಕ್ಷ್ಮೀನರಸಮ್ಮ ನಂಬಲಿಲ್ಲ. ಗೌರಿಬಿದನೂರಿನಿಂದ ಓಡಿಬಂದ ಹೆತ್ತ ತಾಯಿ ಶ್ಯಾಮಲಮ್ಮ ಕೂಡ, "ಯಾಕಮ್ಮ ನಿನ್ನ ಕೈಯಾರ ಹಿಂಗೆ ಮಾಡ್ಕೊಂಡೆ?" ಎಂದುಬಿಟ್ಟಳು. ಅವತ್ತಿನಿಂದ ಶೈಲಜಾ ಮಾತು ಕಡಿಮೆ ಮಾಡಿದಳು.

ಡಾಕ್ಟರು ಮತ್ತೊಮ್ಮೆ ಗಂಟಿನ ಚೂರು ತೆಗೆದರು. ಈ ಸಲ ಮುದ್ದಪ್ಪ ನೇರವಾಗಿ ಲ್ಯಾಬಿಗೇ ಹೋದ. ಕೌಂಟರಿನಲ್ಲಿದ್ದ ಹುಡುಗಿ ಹುಮಾ ಹಳೇ ರಿಪೋರ್ಟ್ ನೋಡಿ ಕೇಳಿದಳು. "ಯಜಮಾನ್ರೇ, ಹೋದ್ಸಲ ಡಬ್ಬಿಗೆ ಫಾರ್ಮಲಿನ್ ಏನಾದ್ರೂ ಸೇರಿತ್ತಾ?"

"ಸೇರಿದ್ರೆ ಏನಾಗುತ್ತಮ್ಮ?"

"ಕ್ರಿಮಿ ಸತ್ತೋಗುತ್ತೆ. ಸತ್ತಿದ್ದನ್ನ ನಾವು ಹೆಂಗೆ ಬೆಳೆಸೋದು? ಯಾವ ಮಾತ್ರೆ ಹಿಡಿಯುತ್ತೆ ಅಂತ ಗೊತ್ತೇ ಆಗಲ್ಲ. ಹಿಡಿಯದ ಮಾತ್ರೆ ಪೇಷೆಂಟ್ ಎಷ್ಟು ತಿಂದ್ರೂ ದಂಡ."

ಕ್ರಿಮಿ ಕೊಲ್ಲಲಿಕ್ಕೇ ತಾನೇ ಮೂವತ್ತು ವರ್ಷದಿಂದ ಮುದ್ದಪ್ಪ ಅದನ್ನು ಹೊಡೆಯುತ್ತಿದ್ದದ್ದು. "ಇಲ್ಲಮ್ಮ, ಗೊತ್ತಿಲ್ಲ" ಎಂದು ಹೇಳಿ ಹೊರಗೆ ಬಂದ.

ವಾರ್ಡಿನಲ್ಲಿ ಶೈಲಜಾ ಒಬ್ಬಳೇ ಇದ್ದಳು. ಸನ್ನೆ ಮಾಡಿ ಅವನನ್ನು ಹತ್ತಿರ ಕರೆದಳು.

"ಮಾವ, ದಿನಾ ನಿಮ್ಮ ಮುಂದೇನೇ ನುಂಗ್ತಿದ್ನಲ್ಲ, ನೀವು ನೋಡಿದ್ದೀರ. ನಾನು ಬಿಟ್ಟಿಲ್ಲ ಅಂತ ನಮ್ಮಮ್ಮಂಗೆ ಒಂದು ಮಾತು ಹೇಳಿ. ನನ್ನ ಮಾತು ನಂಬ್ತಿಲ್ಲ ಅವಳು."

"ಹೇಳ್ತೀನಮ್ಮ."

ಶ್ಯಾಮಲಮ್ಮ ಆಗ ಹೊರಗೆ ವರಾಂಡದಲ್ಲೇ ಕೂತಿದ್ದಳು. ಸೊಸೆ ಬಿಟ್ಟಿಲ್ಲ ಎಂದರೆ, ಮತ್ತೆ ಯಾಕೆ ಹಿಂಗಾಯ್ತು ಎಂದು ಅವಳು ಕೇಳುತ್ತಾಳೆ. ಕೇಳಿದರೆ ಎಲ್ಲವನ್ನೂ ಹೇಳಬೇಕು. ಮುದ್ದಪ್ಪ ಬಸ್ಸಿಗೆ ಹೊತ್ತಾಯಿತು ಎನ್ನುತ್ತಾ ಅವಳ ಮುಂದೆಯೇ ಹಾದುಹೋದ. ನಾಳೆ ಹೇಳಿದರಾಯಿತು ಎಂದುಕೊಂಡ. ಹೀಗೆ ಎಂಟು ನಾಳೆಗಳು ಹೋದವು. ಒಂಬತ್ತನೇ ದಿನ ಶೈಲಜಾ ಹೋಗಿಬಿಟ್ಟಳು. ರೋಗ ಮಿದುಳಿಗೆ ಏರಿತ್ತು ಎಂದರು. ಎರಡನೇ ಸಲ ತೆಗೆದ ಚೂರಿನ ರಿಪೋರ್ಟ್ ಇನ್ನೂ ಬಂದಿರಲಿಲ್ಲ.

ಹದಿಮೂರನೇ ದಿನದ ಊಟಕ್ಕೆ ಊರವರು, ನೆಂಟರು ಕೂತಿದ್ದರು. ಪಂಕ್ತಿಯಲ್ಲಿ ಯಾರೋ, "ಮಾತ್ರೆ ನುಂಗೋಕೆ ಏನು ಕಷ್ಟ ಇತ್ತೋ, ಹಾಳಾದ ಉದಾಸೀನ" ಎಂದರು. ಶ್ಯಾಮಲಮ್ಮ ತಲೆ ತಗ್ಗಿಸಿ, "ನಾನೇ ಸರಿಯಾಗಿ ಬೆಳೆಸ್ಲಿಲ್ಲ" ಎಂದಳು.

ಬಡಿಸುತ್ತಿದ್ದ ಮುದ್ದಪ್ಪ ಸಾರಿನ ಬಕೆಟ್ಟನ್ನು ಕೆಳಗಿಟ್ಟ. ಕೋನಪ್ಪ ಎರಡನೇ ಎಲೆಯಲ್ಲೇ ಕೂತಿದ್ದ.

"ನನ್ನ ಸೊಸೆಗೆ ಬಂದಿದ್ದು ಟಿಬಿ" ಎಂದ ಮುದ್ದಪ್ಪ. ಆ ಹೆಸರು ಅವನ ಬಾಯಿಂದ ನಾಲ್ಕು ಜನರ ಮುಂದೆ ಬಂದದ್ದು ಅದೇ ಮೊದಲು. "ಮೊದಲ್ನೇ ಸಲ ಮಾತ್ರೆ ಬಿಡಿಸಿದ್ದು ನಾನು. ಈ ಸಲ ಅವಳು ಒಂದೂ ಬಿಟ್ಟಿಲ್ಲ, ದಿನಾ ಕಣ್ಣಾರೆ ನೋಡಿದ್ದೀನಿ. ಲ್ಯಾಬಿಗೆ ಕೊಡೋ ಡಬ್ಬಿನ ನಾಚಿಕೆಪಟ್ಟು ಮನೆಗೆ ತಂದೆ. ಕೊಳೆಯುತ್ತೆ ಅಂತ ಹುಳುಮನೆ ಫಾರ್ಮಲಿನ್ ಸುರಿದೆ. ಅದಕ್ಕೇ ಸರಿಯಾದ ಔಷಧಿ ಯಾವುದು ಅಂತ ಅವರಿಗೆ ಗೊತ್ತಾಗಲಿಲ್ಲ. ತಪ್ಪು ಅವಳದಲ್ಲ, ನಂದು. ಮಾತ್ರೆ ಬಿಟ್ಟಿಲ್ಲ ಅನ್ನೋದನ್ನ ನಿಂಗೆ ಹೇಳು ಅಂತ ಅವಳು ನನ್ನ ಕೇಳ್ಕೊಂಡಿದ್ದಳು ಶ್ಯಾಮಲಮ್ಮ. ನಾನು ಹೇಳಲಿಲ್ಲ."

ಕನಕರಾಜ್ ಎದ್ದು ಹೊರಗೆ ಹೋದ.

ಶ್ಯಾಮಲಮ್ಮ ಬೈಯಲಿಲ್ಲ.

"ಯಾವಾಗ ಕೇಳಿದ್ಲಣ್ಣ?"

"ಹೋಗೋಕೆ ಒಂಬತ್ತು ದಿನ ಮುಂಚೆ."

"ಒಂಬತ್ತು ದಿನಾನೂ ನಾನು ಅವಳ ಹತ್ತಿರ ಸರಿಯಾಗಿ ಮಾತಾಡಲಿಲ್ಲ" ಎಂದಳು ಶ್ಯಾಮಲಮ್ಮ. "ಅವತ್ತೇ ಹೇಳಿದ್ದಿದ್ರೆ, ಪಕ್ಕದಲ್ಲಿ ಕೂತು ಕೈಯಾದ್ರೂ ಹಿಡ್ಕೊಂತಿದ್ದೆ."