ಕೊಂಡಿಯ ಎತ್ತರ

ಗುಳ್ಳೆ ಬಂತು, ಬಂತೇ, ಇಲ್ಲ, ಸೋಪಿನ ನೀರು ಸುಮ್ಮನೆ ಜಾರಿತು ಅಷ್ಟೆ, ಪೈಪು ಸೇರುವ ಕಡೆ ನೊರೆ ಅಲುಗಾಡದೆ ನಿಂತಿದೆ, ಗಾಳಿ ಸೋರುತ್ತಿಲ್ಲ, ಎಡಗಡೆಯದು ಗಟ್ಟಿ, ಇನ್ನು ಬಲಗಡೆಯದು ನೋಡಬೇಕು — ಬೆನ್ನ ಕೆಳಗಿನ ಹಲಗೆಯ ಗಾಲಿಗಳು ಕಿರ್ ಅಂದವು, ಮೂಗಿನಿಂದ ಒಂದು ಗೇಣು ಮೇಲೆ ತಮ್ಮನ ಪಿಕಪ್ಪಿನ ಹೊಟ್ಟೆ, ಕೆಸರು ಮೆತ್ತಿದ ಚಾಸಿ, ಅದರ ಕೆಳಗೆ ಆಕ್ಸಲ್, ಎರಡರ ನಡುವೆ ಅವಳೇ ಬೆಳಿಗ್ಗೆಯಿಂದ ಒದ್ದಾಡಿ ಕೂರಿಸಿದ ಕಪ್ಪು ರಬ್ಬರಿನ ಗಾಳಿಚೀಲ, ಏರ್‌ಬ್ಯಾಗ್ ಅಂದ ಕೂಡಲೆ ಜನ ಗಾಡಿ ಗುದ್ದಿದಾಗ ಮುಖದ ಮುಂದೆ ಉಬ್ಬುವುದು ಅಂದುಕೊಳ್ಳುತ್ತಾರೆ, ಅದಲ್ಲ, ಇದು ಹಿಂದೆ ಭಾರ ಬಿದ್ದಾಗ ಗಾಡಿಯ ಅಂಡು ನೆಲಕ್ಕೆ ಕೂರದ ಹಾಗೆ ಒಳಗಿನಿಂದ ತಾಳಿಕೊಳ್ಳುವುದು, ತಾಳಿಕೊಳ್ಳುವುದರಲ್ಲಿ ಅವಳಿಗೇನು ಕಡಿಮೆ ಅನುಭವವೇ. ದೋಣಿ ಎಳೀಬೇಕು ಅಕ್ಕ, ನೀನೇ ಹಾಕ್ಕೊಡು, ನನ್ನ ಗಾಡಿ ಬೇರೆಯವರ ಕೈಗೆ ಕೊಡಲ್ಲ ನಾನು — ಕೀಲಿಕೈ ಮೇಜಿನ ಮೇಲೆ ಎಸೆದು ಅವನು ಹೇಳಿದ್ದು ಇಷ್ಟು, ದೋಣಿಯಂತೆ, ಸ್ನಾನದ ಬಕೆಟ್ಟು ಕಂಡರೂ ಕಿರುಚುತ್ತಿದ್ದವನಿಗೆ ದೋಣಿ, ಅವಳು ನಕ್ಕೂಬಿಟ್ಟಿದ್ದಳು, ಭಾರ ಹೇರಿದ ಮೇಲೆ ಟ್ರೈಲರು ಸಿಕ್ಕಿಸುವ ಕೊಂಡಿ ಎಷ್ಟೆತ್ತರಕ್ಕೆ ಬರಬೇಕೋ ಅಂತ ಕೇಳಿದ್ದಕ್ಕೆ ಅವನು ಟೇಪು ಹುಡುಕಲಿಲ್ಲ, ಅಂಗೈಯನ್ನು ಗಾಳಿಯಲ್ಲಿ ಚಪ್ಪಟೆ ಹಿಡಿದು, ಇಲ್ಲಿಗೆ, ಅಂದ, ಪಕ್ಕದಲ್ಲೇ ನಿಂತಿದ್ದಳಲ್ಲ, ಆ ಕೈ ಅವಳ ಮೊಣಕಾಲಿನಿಂದ ನಾಲ್ಕು ಬೆರಳು ಮೇಲೆ ಬಂದು ನಿಂತಿತು, ಪ್ಯಾಂಟಿನ ಒಳಗೆ ಕಂದಿದ ಜಾಗ ಚುಳ್ಳೆಂದಿತು, ಮುಟ್ಟಿರಲೂ ಇಲ್ಲ ಅವನು.

ದೋಣಿಯ ಟ್ರೈಲರು ಅಷ್ಟೆತ್ತರ ಇರುವುದಿಲ್ಲ, ನೀರಿಗೆ ಇಳಿಯಬೇಕಾದದ್ದು, ತಗ್ಗಾಗಿ ಇರುತ್ತದೆ, ಯಾವ ಟ್ರೈಲರೂ ಅಷ್ಟೆತ್ತರ ಇರುವುದಿಲ್ಲ, ಒಂದನ್ನು ಬಿಟ್ಟು. ಆ ಒಂದು ಅವನ ಮನೆ ಹಿಂದಿನ ಶೆಡ್ಡಿನಲ್ಲಿದೆ, ಭಾನುವಾರ ಭಾನುವಾರ ಅಕ್ಕ ತಮ್ಮ ಇಬ್ಬರೂ ಸೇರಿ ಕಟ್ಟಿದ್ದು, ಗಾಲಿಯ ಮೇಲಿನ ಗ್ಯಾರೇಜು, ಒಳಗೆ ಬೆಸುಗೆ ಯಂತ್ರ, ಡ್ರಿಲ್ಲು, ಗೋಡೆ ತುಂಬ ಸ್ಪ್ಯಾನರುಗಳಿಗೆ ಅವಳೇ ಕೊರೆದ ಗೂಡುಗಳು, ದಾರಿಯಲ್ಲಿ ಕೆಟ್ಟು ನಿಂತವರ ಹತ್ತಿರ ನಾವೇ ಹೋಗೋಣ ಅಕ್ಕ, ಎಷ್ಟು ದಿನ ಅಂತ ಹೀಗೆ ಗಾಡಿ ಕೆಳಗೆ ಮಲಗಿ ಮಲಗಿ ಸೊಂಟ ಕಳ್ಕೊಳ್ತೀಯ, ಅಂದವನು ಅವನೇ. ಶೆಡ್ಡಿನ ನೆಲ ಇಳಿಜಾರು ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ ನೋಡಿ, ನೆಲ ಏರಿದ ಕಡೆಯಿಂದ ಅಳೆದು ಕೊಂಡಿ ಬೆಸೆದುಬಿಟ್ಟರು, ಹೊರಗೆ ಸಮ ನೆಲಕ್ಕೆ ಎಳೆದು ತಂದರೆ ಟ್ರೈಲರು ಹೆಡ್ಮಾಸ್ಟರ ಹಾಗೆ ಮೂತಿ ಎತ್ತಿಕೊಂಡು ನಿಂತಿತು, ಇಬ್ಬರೂ ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಕತ್ತರಿಸಿ ಮತ್ತೆ ಬೆಸೆಯೋಣ ಕಣೋ ಅಂದಳು, ಬೇಡ ಅಕ್ಕ, ಇರಲಿ, ಯಾರ ಗಾಡಿಗೂ ಹೊಂದಲ್ಲ, ಯಾರೂ ಕದ್ಕೊಂಡು ಹೋಗಕ್ಕಾಗಲ್ಲ — ಅಂದಿದ್ದ, ಹಾಗೇ ಅಂದಿದ್ದ. ಆಮೇಲೆ ಆ ಕೊಂಡಿಯ ಮೂತಿ ಇಕ್ಕಟ್ಟಿನಲ್ಲಿ ಓಡಾಡುವಾಗಲೆಲ್ಲ ಅವಳ ಕಾಲಿಗೇ ಬಡಿಯಬೇಕು, ಅದೇ ಜಾಗಕ್ಕೆ, ಮೊಣಕಾಲಿನಿಂದ ನಾಲ್ಕು ಬೆರಳು ಮೇಲೆ, ಒಂದು ನೀಲಿಗಟ್ಟಿದ ಕಲೆ ಮಾಸುವ ಮೊದಲು ಇನ್ನೊಂದು, ಮೊನ್ನೆ ಭಾನುವಾರದ್ದು ಇನ್ನೂ ಹಸಿಯಾಗಿದೆ. ಬೆಟ್ಟ ಹತ್ತುವ ಶೋಕಿ ಅಂತ ಅವನ ಗಾಡಿಯ ಸ್ಪ್ರಿಂಗು ಬದಲಿಸಿ ಎತ್ತರ ಮಾಡಿಕೊಟ್ಟವಳೂ ಅವಳೇ, ಈಗ ಯಾರ ಗಾಡಿಗೂ ಹೊಂದದ ಕೊಂಡಿ ಒಬ್ಬನ ಗಾಡಿಗೆ ಹೊಂದುತ್ತದೆ. ಛೆ, ಏನೇನೋ ಯೋಚಿಸುತ್ತಿದ್ದೇನೆ, ಸ್ವಂತ ತಮ್ಮ, ತುತ್ತು ಕೊಟ್ಟು ಬೆಳೆಸಿದ ಕೂಸು, ದೋಣಿ ಅಂದರೆ ದೋಣಿಯೇ ಇರಬೇಕು.

ಬಲಗಡೆಯ ಪೈಪಿಗೆ ನೊರೆ ಹಚ್ಚಿದಳು, ಮೂಲೆಯಲ್ಲಿ ಕಂಪ್ರೆಸರು ಕಿವಿ ಕಿತ್ತುಹೋಗುವ ಹಾಗೆ ಒದರುತ್ತಿತ್ತು, ಗಾಡಿಯ ಆಚೆ ಅವನ ಬೂಟುಗಳು ಅತ್ತ ಇತ್ತ ಓಡಾಡುತ್ತಿದ್ದವು, ಫೋನು ಹಿಡಿದಾಗ ಅವನು ನಿಂತಲ್ಲಿ ನಿಲ್ಲುವವನಲ್ಲ, ಚಿಕ್ಕಂದಿನಿಂದಲೂ, ಟ್ಯಾಂಕು ತುಂಬಿತು, ಕಂಪ್ರೆಸರು ತಾನಾಗಿ ಟಪ್ ಅಂತ ನಿಂತಿತು, ಆ ಮೌನದ ಒಳಗೆ ಅವನ ದನಿ ಇನ್ನೂ ಕೂಗುತ್ತಲೇ ಇತ್ತು — ಇಲ್ಲ ಮ್ಯಾನೇಜರ್ ಸಾರ್, ನಿಮ್ಮ ಕಲ್ಲು ಕ್ವಾರಿ ಗಾಡಿಗಳ ರಿಪೇರಿಗೆ ನಾನೊಬ್ಬನೇ ಬರೋದು, ಸೋಮವಾರ ಟ್ರೈಲರ್ ಸಮೇತ ಬಂದ್ಬಿಡ್ತೀನಿ, ಅಲ್ಲೇ ಇರ್ತೀನಿ ಇನ್ನು, ಪಾರ್ಟ್‌ನರ್ ಗೀರ್ಟ್‌ನರ್ ಯಾರೂ ಇಲ್ಲ, ಅಕ್ಕಾನಾ, ಅವಳು ಸುಮ್ನೆ ಟೈಂಪಾಸಿಗೆ ಕೈ ಹಾಕ್ತಿದ್ಲು — ಬೂಟುಗಳು ನಿಂತವು. ಒಂದರ ಮೂತಿ ಅವಳ ಕಡೆ ತಿರುಗಿತು. ಅಕ್ಕ, ಕರೆದ್ಯಾ? ಇಲ್ಲ ಕಣೋ, ಸೋಪು ತಿಕ್ತಿದೀನಿ, ಅಂದಳು, ಅಂದುಬಿಟ್ಟಳು, ಯಾಕೆ ಹಾಗಂದಳೋ, ಬಾಯಿ ಅವಳದೇ, ಮಾತು ಯಾರದೋ.

ಟೈಂಪಾಸು. ಮಳೆ ಬಿಸಿಲು ಅನ್ನದೆ ಎರಡು ಬಸ್ಸು ಬದಲಿಸಿ ಹೋದ ಭಾನುವಾರಗಳು ಟೈಂಪಾಸು, ಬೆಸುಗೆಯ ಕಿಡಿ ಹಾರಿ ಮುಂಗೈ ಸುಟ್ಟದ್ದು ಟೈಂಪಾಸು, ಮೋಸ, ಇದಕ್ಕೆ ಮೋಸ ಅಂತಲೇ ಹೆಸರು, ಕಿವಿ ಮೇಲೆ ಹೂವು ಇಟ್ಟ, ಹೊರಗಿನವರಾಗಿದ್ದರೆ ಹಿಡಿದು ಜಾಡಿಸುತ್ತಿದ್ದಳು, ಇವನನ್ನು ಏನು ಮಾಡುವುದು, ಮೋಸ ಮಾಡುವವನು ಬೇರೆ ಗ್ಯಾರೇಜಿಗಾದರೂ ಹೋಗಬಾರದಿತ್ತೇ, ಇಲ್ಲ, ಅಕ್ಕನ ಕೈಕೆಲಸವೇ ಬೇಕು, ಕ್ವಾರಿಯ ಏರಿನಲ್ಲಿ ಜೀವ ಅವಳ ಬೋಲ್ಟಿನ ಮೇಲೆ ನಿಂತಿರುತ್ತದೆ ಅಂತ ಗೊತ್ತು, ಅಷ್ಟು ನಂಬಿಕೆ, ಎಂಥ ನಂಬಿಕೆ. ಗಾಳಿಯ ಪೈಪು ಸೈಲೆನ್ಸರಿನ ಪಕ್ಕದಲ್ಲೇ ಹಾದುಹೋಗುತ್ತದೆ, ಒಂದು ಪಟ್ಟಿ ಕಟ್ಟದೆ ಬಿಟ್ಟರೆ ಸಾಕು, ಜೋತುಬಿದ್ದು ತಾಗುತ್ತದೆ, ಏರು ಹತ್ತುವಾಗ ಕಾದು ಕರಗುತ್ತದೆ, ಫುಸ್, ಯಾರಿಗೂ ತಿಳಿಯುವುದಿಲ್ಲ — ಪಟ್ಟಿ ಕೈಯಲ್ಲೇ ಇತ್ತು, ನೋಡಿದಳು, ಎತ್ತರದ ಗಾಡಿ ಅಂತ ಚೀಲದ ಕೆಳಗೆ ಕಬ್ಬಿಣದ ಗಟ್ಟಿ ಬೇರೆ ಇಟ್ಟಿದ್ದಳು ಬೆಳಿಗ್ಗೆ, ಗುಂಡಿಗೆ ಚಕ್ರ ಇಳಿದಾಗ ಚೀಲ ಎಳೆದು ಹರಿಯಬಾರದು ಅಂತ, ಅವನು ಕೇಳಿರಲಿಲ್ಲ, ಅವಳೇ ಯೋಚಿಸಿ ಇಟ್ಟದ್ದು, ದರಿದ್ರ ಕೈ, ಬೈದರೂ ಕೇಳದ ಕೈ, ಪಟ್ಟಿಯನ್ನು ಸುತ್ತಿ, ಎಳೆದು, ಇನ್ನೊಮ್ಮೆ ಎಳೆದು, ಬಿಗಿದೇಬಿಟ್ಟಿತು. ಹಲಗೆ ಜಾರಿಸಿಕೊಂಡು ಹೊರಗೆ ಬಂದಳು.

ಜಾಕಿ ಇಳಿಸಿದ್ದಾಯಿತು, ಭಾರ ನೋಡೋಣ ಅಂತ ಮರಳಿನ ಚೀಲಗಳನ್ನು ಹಿಂದೆ ಹೇರಿದ್ದಾಯಿತು, ಅವನೇ ಹೊತ್ತು ತಂದು ಹಾಕಿದ, ಸೊಂಟ ಉಳುಕುತ್ತೆ, ನೀನು ಮುಟ್ಬೇಡ ಅಕ್ಕ, ಅಂತ, ಆ ಕಾಳಜಿಯೂ ಸುಳ್ಳಲ್ಲ, ಅದೇ ತಡೆಯಲಾಗದ್ದು, ಚೀಲಗಳ ಭಾರಕ್ಕೆ ಗಾಡಿಯ ಹಿಂಭಾಗ ಕುಸಿಯಿತು, ಕೊಂಡಿ ಸಿಕ್ಕಿಸುವ ಉಕ್ಕಿನ ಗುಂಡು ಅವಳ ಮೊಣಚಿಪ್ಪಿಗಿಂತ ಕೆಳಗೆ ಹೋಯಿತು. ನಂಬರ್ ಪ್ಲೇಟಿನ ಪಕ್ಕದ ವಾಲ್ವಿಗೆ ಗಾಳಿಯ ಕೊಳವೆ ಒತ್ತಿದಳು. ಖಾಲಿ ಓಡಿಸುವಾಗಲೂ ಒಳಗೆ ಸ್ವಲ್ಪ ಗಾಳಿ ಇರಬೇಕು ಕಣೋ, ಪೂರ್ತಿ ಬಿಟ್ಟರೆ ಚೀಲ ಮಡಿಕೆಯಲ್ಲೇ ಕಚ್ಚಿಕೊಂಡು ಹರಿಯುತ್ತೆ — ಹೂಂ ಅಕ್ಕ. ದೋಣಿ ಯಾವ ಬಣ್ಣದ್ದೋ? ಅವನು ಗಾಡಿಯ ಕಡೆ ತಿರುಗಿದ. ನೀಲಿ. ಸುಳ್ಳಿಗೂ ಬೇರೆ ಬಣ್ಣ ಸಿಗಲಿಲ್ಲವೇ ಇವನಿಗೆ, ಟ್ರೈಲರಿಗೆ ಅವಳು ಬಳಿದ ನೀಲಿ, ಬ್ರಷ್ಷಿನ ಕೂದಲು ಅಂಟಿಕೊಂಡಿದೆ ಬಾಗಿಲಿನ ಮೇಲೆ, ತೆಗೆಯೋಣ ಅಂದದ್ದಕ್ಕೆ ಇರಲಿ ಅಕ್ಕ, ನಿನ್ನ ಸಹಿ ಅಂದಿದ್ದ, ಎಲ್ಲದಕ್ಕೂ ಇರಲಿ ಅಕ್ಕ, ಇರಲಿ ಅಕ್ಕ, ಈಗ ಕೇಳಬೇಕು, ಮುಖ ನೋಡಿ ಕೇಳಬೇಕು, ಯಾವಾಗಿಂದ ಕಣೋ ನಾನು ಯಾರೂ ಅಲ್ಲದವಳಾದೆ, ಸಿಳ್ ಅಂತ ಗಾಳಿ ಹೋಗುತ್ತಿದೆ, ಗಾಡಿ ಏಳುತ್ತಿದೆ, ಇನ್ನೂ ಸ್ವಲ್ಪ ಅಕ್ಕ, ಇನ್ನೂ ಸ್ವಲ್ಪ, ಅವನು ಬಗ್ಗಿ ನೋಡುತ್ತಿದ್ದಾನೆ, ಖುಷಿ ಅವನಿಗೆ, ಗುಂಡು ಮೊಣಚಿಪ್ಪು ದಾಟಿತು, ಒಂದು ಬೆರಳು, ಅವಳು ಕಾಲು ಹಿಂದೆ ತೆಗೆಯಬೇಕಿತ್ತು, ಎರಡು, ಬಟ್ಟೆಯ ಮೂಲಕ ಉಕ್ಕಿನ ತಂಪು, ತೆಗೆಯಲಿಲ್ಲ, ಮೂರು, ಸಾಕು ಸಾಕು ಅಕ್ಕ, ಕರೆಕ್ಟಾಗಿ ಬಂತು ನೋಡು, ಬಂತು, ಮೊಣಕಾಲಿನಿಂದ ನಾಲ್ಕು ಬೆರಳು ಮೇಲೆ, ಗುಂಡು ನೀಲಿಯನ್ನು ಒತ್ತಿಕೊಂಡು ನಿಂತಿದೆ, ನೋಯುತ್ತಿದೆ, ಕರೆಕ್ಟಾಗಿ, ಗುಂಡು, ನೀಲಿ, ಅಲ್ಲೇ.