ಅಕ್ಕ ಆಡಿದ ವಾಕ್ಯ

"ನನಗೆ ಇಂಗ್ಲಿಷ್ ಬರುತ್ತೆ, ಕಲಿಸೋಕೆ ಇನ್ನೇನು ಬೇಕಂತೆ?" ಎಂದು ಕಿರಿಸೊಸೆ ಮನೆಯವರ ಮುಂದೆ ಮೂಗು ಮುರಿದಳು. ಅವಳ ಬಳಿ ಎಂ.ಎ. ಪದವಿ ಇತ್ತು, ಇಂಗ್ಲಿಷಿನಲ್ಲಿ ಅರಳು ಹುರಿದಂತೆ ಮಾತಾಡುತ್ತಿದ್ದಳು. ಆದರೆ ದೊಡ್ಡವರಿಗೆ ಇಂಗ್ಲಿಷ್ ಕಲಿಸುವ ಸಂಜೆ ಶಾಲೆಯವರು ಜಗ್ಗಲಿಲ್ಲ. ತರಬೇತಿ ಮುಗಿಸಬೇಕು, ನಿಜವಾದ ತರಗತಿಯ ಮುಂದೆ ಪಾಠ ಮಾಡಿ ತೋರಿಸಬೇಕು, ಆಮೇಲೆ ಕೆಲಸ ಎಂದರು.

ಪಾಠ ಕೇಳಲು ಜನ ಸಾಲದಾದಾಗ ಅವಳು ಓರಗಿತ್ತಿಯನ್ನೇ ಹೊರಡಿಸಿದಳು. ಓರಗಿತ್ತಿ ಲಾಂಡ್ರಿ ಅಂಗಡಿಯಲ್ಲಿ ಬಟ್ಟೆ ರಿಪೇರಿ ಮಾಡುವವಳು. ಗಿರಾಕಿಗಳು ಇಂಗ್ಲಿಷಿನಲ್ಲಿ ಕೇಳಿದರೆ ಹೊಲಿಗೆಯಿಂದ ತಲೆ ಎತ್ತುತ್ತಿರಲಿಲ್ಲ.

"ಬನ್ನಿ ಅಕ್ಕ, ಸುಮ್ನೆ ಕೂತಿದ್ರೆ ಸಾಕು."

ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಳು.

ಕಿರಿಸೊಸೆ ಬೋರ್ಡಿನ ಮೇಲೆ 'ವಾಕ್, ವಾಕ್ಡ್' ಎಂದು ಬರೆದು, ಕೊನೆಗೆ 'ಇಡಿ' ಸೇರಿಸಿದರೆ ಆಗಿಹೋದ ಮಾತಾಗುತ್ತದೆ ಎಂದು ಉಸಿರು ಬಿಡದೆ ವಿವರಿಸಿದಳು. "ಯಾರಾದ್ರೂ ಒಂದು ವಾಕ್ಯ ಹೇಳಿ" ಎಂದಾಗ ಎಲ್ಲರೂ ನೆಲ ನೋಡಿದರು. ಅಕ್ಕ ಮೆಲ್ಲಗೆ ಎದ್ದಳು.

"ಯೆಸ್ಟರ್‌ಡೇ ಐ ಗೋಡ್ ಟು ಮಾರ್ಕೆಟ್."

"ಗೋಡಾ? ಗೋಡೆ ಮನೇಲಿರುತ್ತೆ ಅಕ್ಕ, ಮಾರ್ಕೆಟ್ಟಿಗೆ ಹೊತ್ಕೊಂಡು ಹೋದ್ರಾ?"

ತರಗತಿ ಗೊಳ್ಳೆಂದಿತು. ಅಕ್ಕನೂ ನಕ್ಕಳು, ಸೆರಗು ಸರಿಮಾಡಿಕೊಂಡು ಕೂತಳು. ಮತ್ತೆ ಯಾರೂ ಏಳಲಿಲ್ಲ.

ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದ ತರಬೇತುದಾರ್ತಿ, ಎಲ್ಲರೂ ಹೋದ ಮೇಲೆ ಕೇಳಿದರು: "ನಿಮ್ಮ ಪಾಠ ಯಾರಿಗೆ ಹತ್ತಿತು?"

"ಯಾರೂ ಬಾಯೇ ಬಿಡ್ಲಿಲ್ಲ ಮೇಡಂ."

"ಒಬ್ರು ಬಿಟ್ರಲ್ಲ? ನೀವು ಬರೆದ ನಿಯಮಾನೇ ಅವರು 'ಗೋ'ಗೆ ಹಚ್ಚಿದ್ರು. ಅಲ್ಲಿ ಅದು ನಡೆಯಲ್ಲ ಅಂತ ನೀವು ಹೇಳಿರ್ಲಿಲ್ಲ. ಕಲಿತವರು ಅವರೊಬ್ರೇ. ಅವರನ್ನೇ ಕೂರಿಸಿಬಿಟ್ರಿ. ಇನ್ನೊಂದು ಸಲ ಪಾಠ ಮಾಡ್ಬೇಕಾಗುತ್ತೆ."

ಹೊರಗೆ ಅಕ್ಕ ಕಾದಿದ್ದಳು. ಬಸ್ಸಿನಲ್ಲಿ ಅವಳ ಪಕ್ಕ ಕೂತರೂ ಕಿರಿಸೊಸೆಗೆ ಮುಖ ಎತ್ತಲಾಗಲಿಲ್ಲ.

"ತಮಾಷೆಗೆ ಅಂದೆ ಅಕ್ಕ. ತಪ್ಪಾಯ್ತು."

"ಗೊತ್ತು. ಮನೇಲೂ ತಮಾಷೆಗೇ ಅಂತೀಯ. ಅಲ್ಲಿ ನಮ್ಮೋರೇ ಇರ್ತಾರೆ, ಹೇಗೋ ನುಂಗ್ಕೋತೀನಿ."

ಮನೆಯ ಊಟದ ಹೊತ್ತುಗಳು ಒಂದೊಂದಾಗಿ ನೆನಪಾದವು. ಅಕ್ಕನ ಉಚ್ಚಾರವನ್ನು ಅಣಕಿಸಿ ಎಷ್ಟು ಸಲ ಎಲ್ಲರನ್ನೂ ನಗಿಸಿರಲಿಲ್ಲ! ಕಿರಿಸೊಸೆಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

"ಇನ್ನೊಂದ್ಸಲ ಬರ್ತೀರಾ?"

"ಶಾಲೆಗೆ ಬರ್ತೀನಿ. ನಿನ್ನ ಕ್ಲಾಸಿಗೆ ಬೇಡ."

ಮುಂದಿನ ವಾರ ಇನ್ನೊಬ್ಬ ಅಭ್ಯರ್ಥಿಯ ಪಾಠ ನೋಡಲು ಕಿರಿಸೊಸೆ ಹಿಂದಿನ ಬೆಂಚಿನಲ್ಲಿ ಕೂತಳು. ಆತ ಪ್ರಶ್ನೆ ಕೇಳಿ ಅವಸರವಿಲ್ಲದೆ ಕಾಯುತ್ತಿದ್ದ. ಮುಂದಿನ ಸಾಲಿನಲ್ಲಿದ್ದ ಅಕ್ಕ ಏಳಲು ಹೊರಟವಳು, ಹಿಂದೆ ತಿರುಗಿ ಇವಳನ್ನು ಕಂಡು ಹಾಗೇ ಕೂತುಬಿಟ್ಟಳು.

ಕಿರಿಸೊಸೆ ಸದ್ದಾಗದಂತೆ ಚೀಲ ಎತ್ತಿಕೊಂಡು ಹೊರಗೆ ಹೋಗಿ ಬಾಗಿಲು ಮುಂದೆಳೆದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಕ್ಕನ ದನಿ ಕೇಳಿಸಿತು. ಮಾತು ಸರಿಯೋ ತಪ್ಪೋ ಬಾಗಿಲಾಚೆ ತಿಳಿಯಲಿಲ್ಲ. ಯಾರೂ ನಗಲಿಲ್ಲ.